ಬಟ್ಲರ್ ಹೇಳಿದ್ದು ವೇಷದ ಮಾತಲ್ಲ

'ಹೆಣ್ತನ, ಗಂಡುತನ ಎಲ್ಲವೂ ಬರೀ ಅಭಿನಯ ಎಂದ ಜುಡಿತ್ ಬಟ್ಲರ್ ಸ್ತ್ರೀವಾದದ ಬುಡಕ್ಕೇ ಕೊಡಲಿ ಹಾಕಿದರು. ಹೆಣ್ಣೇ ಇಲ್ಲವೆಂದ ಮೇಲೆ ವರದಕ್ಷಿಣೆ, ಸಮಾನ ಕೂಲಿಯ ಹೋರಾಟ ಯಾರಿಗಾಗಿ?' – ಓದುಗರೊಬ್ಬರು, ಹಾವೇರಿ

ಸಂಪಾದಕರ ಉತ್ತರ: ನಿಮ್ಮ ಆತಂಕವನ್ನು ತಳ್ಳಿಹಾಕಲಾರೆ. ಅಮೆರಿಕದ ತತ್ತ್ವಶಾಸ್ತ್ರಜ್ಞೆ ಮಾರ್ಥಾ ನುಸ್‌ಬಾಮ್ 1999ರಲ್ಲಿ 'ದ ನ್ಯೂ ರಿಪಬ್ಲಿಕ್' ಪತ್ರಿಕೆಯಲ್ಲಿ ಹೆಚ್ಚುಕಡಿಮೆ ಇದೇ ಆಕ್ಷೇಪ ಎತ್ತಿದ್ದರು. ಲಿಂಗತ್ವದ ಬಗ್ಗೆ ಬರೆದ ಅಮೆರಿಕದ ಚಿಂತಕರಾದ ಈ ಬಟ್ಲರ್ ಗದ್ಯ ಕಬ್ಬಿಣದ ಕಡಲೆ ಎಂಬುದೂ ನಿಜ. ಆದರೆ ನೀವು ಬೈಯುತ್ತಿರುವ ಮಾತನ್ನು ಅವರು ಬರೆದೇ ಇಲ್ಲ.

ಬಟ್ಲರ್ ಅವರ 1990ರ ಪುಸ್ತಕ 'ಜೆಂಡರ್ ಟ್ರಬಲ್'ನಲ್ಲಿ ಇರುವುದು ಮೂರು ಅಧ್ಯಾಯ. ಗಂಡಸರು ಹೆಣ್ಣುವೇಷ ತೊಟ್ಟು ನೀಡುವ 'ಡ್ರ್ಯಾಗ್' ಪ್ರದರ್ಶನದ ಚರ್ಚೆ ಬರುವುದು ಕೊನೆಯ ಅಧ್ಯಾಯದ ಕೊನೆಯ ಭಾಗದಲ್ಲಿ, ಕೆಲವೇ ಪುಟಗಳಲ್ಲಿ, ಅದೂ ಉದಾಹರಣೆಯಾಗಿ. ನೆನಪಿನಲ್ಲಿ ಉಳಿಯುವುದು ಅದೇ ಆದ್ದರಿಂದ ಓದಿದವರು ಅದನ್ನೇ ಸಿದ್ಧಾಂತ ಎಂದುಕೊಂಡರು. ಬೆಳಿಗ್ಗೆ ಬೀರು ತೆರೆದು ಬಟ್ಟೆ ಆರಿಸುವಂತೆ ಲಿಂಗತ್ವವನ್ನೂ ಆರಿಸಬಹುದೆಂಬ ಈ ಓದನ್ನು ಬಟ್ಲರ್ 1993ರ 'ಬಾಡೀಸ್ ದಟ್ ಮ್ಯಾಟರ್'ನ ಮುನ್ನುಡಿಯಲ್ಲೇ ನಿರಾಕರಿಸಿದರು.

ಅಲ್ಲಿ ಅವರಿಗೆ ಆಧಾರ ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳು. ಕೆಲವು ಮಾತುಗಳು ಸುದ್ದಿ ಹೇಳಿ ಸುಮ್ಮನಾಗುವುದಿಲ್ಲ, ಕೆಲಸ ಮಾಡುತ್ತವೆ. ನ್ಯಾಯಾಧೀಶರ ತೀರ್ಪಿನ ಹಾಗೆ. ಹೆರಿಗೆ ಕೋಣೆಯ 'ಹೆಣ್ಣು ಮಗು' ಎಂಬ ಘೋಷಣೆಯೂ ಅಂಥದ್ದೇ. ಒಮ್ಮೆ ಹೇಳಿದರೆ ಸಾಲದು. ಹೆಸರು, ಬಟ್ಟೆ, ಕೂರುವ ರೀತಿ, ಮದುವೆ ಎಂದು ಜೀವನಪೂರ್ತಿ ಅದು ಮರುಕಳಿಸುತ್ತಲೇ ಇರಬೇಕು. ತಪ್ಪಿ ನಡೆದವರಿಗೆ ಶಿಕ್ಷೆ ಕಾದಿರುತ್ತದೆ. ಇದರಲ್ಲಿ ಇಷ್ಟ ಬಂದಂತೆ ಆಡುವ ಆಟ ಎಲ್ಲಿದೆ, ಹೇಳಿ?

ನಮ್ಮ ದೇಶದ ಕಾನೂನನ್ನೇ ನೋಡಿ. ಸ್ಕ್ಯಾನಿಂಗ್ ಕೋಣೆಯಲ್ಲಿ ಭ್ರೂಣದ ಲಿಂಗವನ್ನು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಿಳಿಸುವುದನ್ನು 1994ರ ಕಾಯ್ದೆ ನಿಷೇಧಿಸಿದೆ. ಆ ಒಂದು ಶಬ್ದ ಜೀವ ತೆಗೆಯಬಲ್ಲದು ಎಂದು ಕಾನೂನೇ ಒಪ್ಪಿದ ಹಾಗಾಯಿತು. ನೀವು ಹೇಳುವ ವರದಕ್ಷಿಣೆ, ಅರ್ಧ ಕೂಲಿ ಇದೇ ಸರಪಳಿಯ ಮುಂದಿನ ಕೊಂಡಿಗಳು. ಅದು ಹೇಗೆ ಹೆಣೆದುಕೊಂಡಿದೆ ಎಂದು ತೋರಿಸಿದವರು ಹೋರಾಟದ ಶತ್ರುವಾಗುವುದು ಹೇಗೆ?

ಸಲಿಂಗ ಪ್ರೇಮಿಗಳೂ ಸೇರಿದಂತೆ ಲಿಂಗ, ಲೈಂಗಿಕತೆಯ ಕಟ್ಟಳೆಗೆ ಒಗ್ಗದವರ ಬದುಕನ್ನು ನೋಡುವ ಕ್ವಿಯರ್ ಅಧ್ಯಯನಕ್ಕೆ ಇದರಿಂದ ಸಿಕ್ಕಿದ್ದೂ ಸಣ್ಣದಲ್ಲ. ಹೆಣ್ಣಾದವಳು ಗಂಡನ್ನೇ ಬಯಸಬೇಕೆಂಬ ಕಟ್ಟಳೆ ತಪ್ಪಿದರೆ 'ಸರಿಯಾದ ಹೆಣ್ಣು' ಎಂಬ ಕಲ್ಪನೆಯೇ ಅಲುಗಾಡುತ್ತದೆ ಎಂಬುದು ಬಟ್ಲರ್ ವಾದ. ತಮ್ಮದೆನಿಸುವ ದೇಹಕ್ಕಾಗಿ ಟ್ರಾನ್ಸ್‌ಜೆಂಡರ್ ಜನ ಪಡುವ ಹಂಬಲವನ್ನು ಬಟ್ಲರ್ ಕಡೆಗಣಿಸಿದರೆಂದು ವಿದ್ವಾಂಸ ಜೇ ಪ್ರಾಸರ್ 1998ರಲ್ಲಿ ತಕರಾರು ತೆಗೆದರು. ಆ ವಾಗ್ವಾದ ಟ್ರಾನ್ಸ್ ಅಧ್ಯಯನವನ್ನು ಬೆಳೆಸಿತು.

ನನ್ನ ಸಿಟ್ಟು ಇರುವುದು ಇಷ್ಟೆಲ್ಲವನ್ನೂ 'ಲಿಂಗತ್ವ ಒಂದು ಅಭಿನಯ' ಎಂಬ ಐದು ಅಂಕದ ಟಿಪ್ಪಣಿಯಾಗಿ ಕುಗ್ಗಿಸುವ ಎಂ.ಎ. ಗೈಡುಗಳ ಮೇಲೆ. ಮೂಲ ಪುಟ ತೆರೆಯದೆಯೇ ಪಾಸಾಗಬಹುದಾದ ಪರೀಕ್ಷೆ ಇಟ್ಟುಕೊಂಡು, ಸಿದ್ಧಾಂತ ಜನರಿಂದ ದೂರವಾಯಿತೆಂದು ಗೋಳಾಡುತ್ತೇವೆ. ನೀವು ಚೆನ್ನಾಗಿ ವಾದಿಸುತ್ತೀರಿ, ಗೈಡು ಬದಿಗಿಡಿ. ಮಾನವಶಾಸ್ತ್ರಜ್ಞೆ ಗೇಲ್ ರೂಬಿನ್ 1975ರ ಪ್ರಬಂಧ 'ದ ಟ್ರಾಫಿಕ್ ಇನ್ ವಿಮೆನ್' ಮೊದಲು, ಇತಿಹಾಸಕಾರ್ತಿ ಜೋನ್ ಸ್ಕಾಟ್ ಲಿಂಗತ್ವದ ಬಗ್ಗೆ ಬರೆದ 1986ರದು ಆಮೇಲೆ, ನಂತರ ಬಟ್ಲರ್ ಅವರ 1993ರ ಪುಸ್ತಕದ ಪ್ರಸ್ತಾವನೆ. 'ಜೆಂಡರ್ ಟ್ರಬಲ್' ಕೊನೆಗಿರಲಿ. ಆಗಲೂ ಆಕ್ಷೇಪ ಉಳಿದರೆ ಬರೆಯಿರಿ, ಪೂರ್ತಿ ಅಚ್ಚು ಹಾಕುತ್ತೇವೆ.