ಲೀಡ್ ಸಣ್ಣದಾದಾಗ ಎಣಿಕೆ ಟೇಬಲ್ ಮೇಲೆ ಏನು ನಡೆಯುತ್ತದೆ?

ಪ್ರಶ್ನೆ: 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಕುಮಟಾದಲ್ಲಿ ಸೋಲು-ಗೆಲುವಿನ ಅಂತರ 700 ಮತಕ್ಕಿಂತ ಕಡಿಮೆ ಇತ್ತು. ಲೋಕಸಭೆಗೂ ಹೀಗೇ ಆದರೆ ತಾನಾಗಿಯೇ ಮರುಎಣಿಕೆ ಆಗುತ್ತದೆಯಾ ಸರ್?

ಇಲ್ಲ. ಇಷ್ಟು ಮತದೊಳಗೆ ಬಂದರೆ ಮತ್ತೆ ಎಣಿಸಲೇಬೇಕು ಎಂಬ ಲೆಕ್ಕ ನಮ್ಮ ಕಾನೂನಿನಲ್ಲಿಲ್ಲ. 1961ರ ಚುನಾವಣಾ ನಿಯಮಗಳ 63ನೇ ನಿಯಮದ ಪ್ರಕಾರ ಅಭ್ಯರ್ಥಿ ಅಥವಾ ಅವರ ಏಜೆಂಟರು ಬರವಣಿಗೆಯಲ್ಲಿ ಕೇಳಬೇಕು, ಕಾರಣವನ್ನೂ ಕೊಡಬೇಕು. "ಅಂತರ ಕಡಿಮೆ ಇದೆ" ಎಂಬುದೊಂದೇ ಕಾರಣ ಸಾಮಾನ್ಯವಾಗಿ ಸಾಲುವುದಿಲ್ಲ. ಒಪ್ಪುವುದು, ಬಿಡುವುದು ಚುನಾವಣಾಧಿಕಾರಿಗೆ ಬಿಟ್ಟದ್ದು. ಆದರೆ ಯಾಕೆ ಎಂದು ಅವರೂ ಬರೆದೇ ಕೊಡಬೇಕು.

ಅಂಚೆ ಮತದ ವಿಷಯ ಮಾತ್ರ ಬೇರೆ. ತಿರಸ್ಕರಿಸಿದ ಅಂಚೆ ಮತಗಳ ಸಂಖ್ಯೆಗಿಂತ ಗೆಲುವಿನ ಅಂತರ ಕಡಿಮೆ ಇದ್ದರೆ, ಫಲಿತಾಂಶ ಹೇಳುವ ಮೊದಲು ಆ ಮತಗಳನ್ನೆಲ್ಲ ಮತ್ತೊಮ್ಮೆ ನೋಡಲೇಬೇಕು. ಮತದಾರರು ಮತಪತ್ರದ ಜೊತೆ ಕಳಿಸುವ ಘೋಷಣಾ ಪತ್ರಕ್ಕೆ ಸಹಿ ಇಲ್ಲ, ದೃಢೀಕರಣ ಇಲ್ಲ, ಅದರಲ್ಲಿನ ನಂಬರ್ ಮತಪತ್ರದ ನಂಬರಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೇ ಇವು ಜಾಸ್ತಿ ಬಿದ್ದುಹೋಗುತ್ತವೆ. 2023ರಲ್ಲಿ ಬೆಂಗಳೂರಿನ ಜಯನಗರ ಮರುಎಣಿಕೆಯ ನಂತರ 16 ಮತಕ್ಕೆ ತೀರ್ಮಾನವಾಯಿತಲ್ಲ, ಅಲ್ಲಿನ ಗಲಾಟೆಯೂ ತಿರಸ್ಕೃತ ಅಂಚೆ ಮತಗಳದ್ದೇ.

ನಮ್ಮ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಅಂತರ ಅಷ್ಟು ಕೆಳಗೆ ಇಳಿಯುವುದು ಕಷ್ಟ. 2009ರಲ್ಲಿ ಅನಂತಕುಮಾರ್ ಹೆಗಡೆ, ಮಾರ್ಗರೆಟ್ ಆಳ್ವ ನಡುವೆ 22,769 ಮತದ ಅಂತರ ಇತ್ತು. ಅದನ್ನೇ ಜಿದ್ದಾಜಿದ್ದಿ ಎಂದೆವು. 2024ರಲ್ಲಿ ಅಂತರ ಮೂರು ಲಕ್ಷ ದಾಟಿತು. ಹಾಗಂತ ಆಗುವುದೇ ಇಲ್ಲ ಎನ್ನಲಾರೆ. ಅದೇ 2024ರಲ್ಲಿ ಮುಂಬೈ ವಾಯವ್ಯ ಲೋಕಸಭಾ ಕ್ಷೇತ್ರ ತೀರ್ಮಾನವಾದದ್ದು ಬರೀ 48 ಮತಕ್ಕೆ.

ಪ್ರಶ್ನೆ: ಮಗಳು ಅಮೆರಿಕದ ಮಿನೆಸೋಟಾದಲ್ಲಿದ್ದಾಳೆ. ಅಲ್ಲಿ ಹಿಂದೆ ಒಂದು ಸೆನೆಟ್ ಸೀಟು ತಿಂಗಳುಗಟ್ಟಲೆ ಖಾಲಿ ಇತ್ತಂತೆ. ನಮ್ಮಲ್ಲೂ ಹಾಗೆ ಆಗಬಹುದೇ? (ಶಿರಸಿಯ ಓದುಗರು)

ನಿಮ್ಮ ಮಗಳು ಹೇಳಿದ್ದು ನಿಜ. ಸೆನೆಟ್ ಎಂದರೆ ಅಮೆರಿಕ ಸಂಸತ್ತಿನ ಮೇಲ್ಮನೆ, 2008ರ ನವೆಂಬರ್ ಚುನಾವಣೆ ಅದು. ನಾರ್ಮ್ ಕೋಲ್ಮನ್, ಅಲ್ ಫ್ರಾಂಕನ್ ಇಬ್ಬರಿಗೂ 12 ಲಕ್ಷದ ಮೇಲೆ ಮತ ಬಿದ್ದಿತ್ತು. ಮೊದಲು ಕೋಲ್ಮನ್ 215 ಮತದಿಂದ ಮುಂದಿದ್ದರು. ಅಂತರ ಅರ್ಧ ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಮರುಎಣಿಕೆ ಮಾಡಬೇಕೆಂಬ ಕಾನೂನು ಆಗ ಆ ರಾಜ್ಯದಲ್ಲಿತ್ತು. ಒಂದೊಂದೇ ಮತಪತ್ರ ಕೈಯಲ್ಲಿ ಹಿಡಿದು ನೋಡಿದರು. ತಪ್ಪಾಗಿ ತಿರಸ್ಕರಿಸಿದ್ದ 900ಕ್ಕೂ ಹೆಚ್ಚು ಗೈರುಹಾಜರಿ ಮತಗಳನ್ನೂ (ಬೂತಿಗೆ ಬಾರದವರು ಹಾಕಿದ ಮತ) ತೆರೆದರು. ಲೀಡ್ ತಿರುಗಿಬಿತ್ತು. ಕೋರ್ಟಿನ ಹೋರಾಟ ಮುಗಿಯುವಾಗ ಫ್ರಾಂಕನ್ 312 ಮತದಿಂದ ಗೆದ್ದಿದ್ದರು. ಪ್ರಮಾಣವಚನ 2009ರ ಜುಲೈ 7ಕ್ಕೆ. ಅಲ್ಲಿಯವರೆಗೆ ಇಬ್ಬರು ಇರಬೇಕಾದ ಆ ರಾಜ್ಯಕ್ಕೆ ಒಬ್ಬರೇ ಸೆನೆಟರ್!

ನಮ್ಮಲ್ಲಿ ಹಾಗೆ ಕಾಯುವುದಿಲ್ಲ. ಫಲಿತಾಂಶ ಘೋಷಣೆಯಾದರೆ ಗೆದ್ದವರು ದೆಹಲಿಗೆ ಹೋಗಿ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ, ತಕರಾರು ಪಕ್ಕದಲ್ಲಿ ನಡೆಯುತ್ತಿರುತ್ತದೆ. 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ಅರ್ಜಿ ಹಾಕಬೇಕು. ಸೋತವರೇ ಹಾಕಬೇಕೆಂದಿಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು. ಆದರೆ ವೇಗ ಎಷ್ಟು ಗೊತ್ತಾ? ಕೋಲಾರ ಜಿಲ್ಲೆಯ ಮಾಲೂರಿನಲ್ಲಿ 2023ರ ಮೇನಲ್ಲಿ 248 ಮತದ ಅಂತರ ಬಂತು. ಮರುಎಣಿಕೆ ಮಾಡಿ ಎಂದು ಹೈಕೋರ್ಟ್ ಹೇಳಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದರ ಮೇಲೂ ಸುಪ್ರೀಂ ಕೋರ್ಟ್ ಇದ್ದೇ ಇದೆ. ಸೀಟು ಖಾಲಿ ಬಿಡುವುದಕ್ಕಿಂತ ನಮ್ಮ ಪದ್ಧತಿ ವಾಸಿ ಎಂದೇ ನನ್ನ ಅಭಿಪ್ರಾಯ. ಆದರೆ ಐದು ವರ್ಷದ ಅವಧಿಯಲ್ಲಿ ಅರ್ಧ ಅರ್ಜಿಯಲ್ಲೇ ಕಳೆದರೆ ಅದಕ್ಕೆ ನ್ಯಾಯ ಎನ್ನುವುದು ಹೇಗೆ?

ಪ್ರಶ್ನೆ: ಇಬ್ಬರಿಗೂ ಸಮ ಮತ ಬಂದರೆ? (ಅಂಕೋಲಾದ ಓದುಗರು)

ಚೀಟಿ ಎತ್ತುತ್ತಾರೆ. ಚೀಟಿ ಯಾರ ಹೆಸರಿಗೆ ಬಂತೋ ಅವರಿಗೆ ಒಂದು ಮತ ಜಾಸ್ತಿ ಬಂದಂತೆ ಲೆಕ್ಕ. ತಮಾಷೆ ಅಲ್ಲ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಇದು ಸ್ವಲ್ಪದರಲ್ಲಿ ತಪ್ಪಿತು. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಪ್ರಶ್ನೆ: ಮೊದಲ ಸಲ ಎಣಿಕೆ ಏಜೆಂಟ್ ಆಗುವವನಿದ್ದೇನೆ. ಏನು ನೋಡಿಕೊಳ್ಳಬೇಕು? (ಕಾರವಾರದ ಓದುಗರು)

ಟಿವಿ ಬಿಟ್ಟುಬಿಡಿ, ನಿಮ್ಮ ಟೇಬಲ್ ನೋಡಿ. ನಮ್ಮ ಕ್ಷೇತ್ರದಲ್ಲಿ ಖಾನಾಪುರ, ಕಿತ್ತೂರು ಸೇರಿ ಎಂಟು ವಿಧಾನಸಭಾ ವಿಭಾಗಗಳಿವೆ. 2024ರಲ್ಲಿ ಎಣಿಕೆ ಕುಮಟಾದ ಬಾಳಿಗಾ ಕಾಲೇಜಿನಲ್ಲಿ ನಡೆಯಿತು. ಒಳಗೆ ಕೂತವರಿಗೆ ಪಕ್ಕದ ಕೋಣೆಯ ಸುದ್ದಿಯೂ ಸರಿಯಾಗಿ ಸಿಗುವುದಿಲ್ಲ, ಸಿಕ್ಕಿದ್ದರಲ್ಲಿ ಅರ್ಧ ಗಾಳಿಸುದ್ದಿ.

ಕೈಯಲ್ಲಿ ಇರಬೇಕಾದದ್ದು ಫಾರ್ಮ್ 17ಸಿ, ಅಂದರೆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕದ ಕಾಗದ. ಮತದಾನದ ದಿನ ಸಂಜೆ ಬೂತಿನಲ್ಲಿ ನಿಮ್ಮ ಪಕ್ಷದ ಏಜೆಂಟರಿಗೆ ಅದರ ನಕಲು ಕೊಟ್ಟಿರುತ್ತಾರೆ. ಎಷ್ಟೋ ಜನ ಅದನ್ನು ಮಡಚಿ ಅಂಗಿ ಜೇಬಿಗೆ ಹಾಕಿ ಮರೆತೇಬಿಡುತ್ತಾರೆ! ಮುಂಚೆಯೇ ಎಲ್ಲ ತರಿಸಿ ಬೂತ್ ನಂಬರಿನಂತೆ ಜೋಡಿಸಿಡಿ. ಕಂಟ್ರೋಲ್ ಯೂನಿಟ್ (ಮತಯಂತ್ರದಲ್ಲಿ ಮತ ದಾಖಲಾಗುವ ಭಾಗ) ಟೇಬಲ್‌ಗೆ ಬಂದ ಕೂಡಲೇ ಅದರ ನಂಬರ್, ಸೀಲ್, ಒಟ್ಟು ಮತ ಮೂರನ್ನೂ ಈ ಕಾಗದಕ್ಕೆ ತಾಳೆ ನೋಡಿ. ಒಟ್ಟು ಮತ ಹೊಂದದಿದ್ದರೆ, ಅಥವಾ ಮತದಾನಕ್ಕೆ ಮೊದಲು ಯಂತ್ರ ಪರೀಕ್ಷಿಸಲು ನಡೆಸುವ ಅಣಕು ಮತದಾನದ ಮತಗಳನ್ನು ಅಳಿಸದೆ ಬಿಟ್ಟಿದ್ದರೆ, ಆ ಯಂತ್ರವನ್ನು ಬದಿಗಿಡುತ್ತಾರೆ. ಕೊನೆಗೆ ಗೆಲುವಿನ ಅಂತರ ಅಂಥ ಬೂತ್‌ಗಳ ಒಟ್ಟು ಮತಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಅಲ್ಲಿನ ವಿವಿಪ್ಯಾಟ್ ಚೀಟಿ (ಮತ ಯಾರಿಗೆ ಬಿತ್ತೆಂದು ಯಂತ್ರ ಮುದ್ರಿಸುವ ಚೀಟಿ) ಎಣಿಸುತ್ತಾರೆ. ಹಾಗಾಗಿ ಬದಿಗಿಟ್ಟ ಯಂತ್ರ ಯಾವ ಬೂತಿನದು ಎಂದು ತಪ್ಪದೇ ಬರೆದಿಟ್ಟುಕೊಳ್ಳಿ.

ಇದಲ್ಲದೆ ಪ್ರತಿ ವಿಧಾನಸಭಾ ವಿಭಾಗದಲ್ಲಿ ಚೀಟಿ ಎತ್ತಿ ಆರಿಸಿದ ಐದು ಬೂತ್‌ಗಳ ವಿವಿಪ್ಯಾಟ್ ಎಣಿಕೆ ಇರುತ್ತದೆ, ನಮ್ಮಲ್ಲಿ ಒಟ್ಟು 40. ಗೆದ್ದ ಕಡೆಯವರು ಅಷ್ಟರಲ್ಲಿ ಪಟಾಕಿ ಹೊಡೆಯಲು ಎದ್ದುಹೋಗಿರುತ್ತಾರೆ. ನೀವು ಏಳಬೇಡಿ. ತಕರಾರಿದ್ದರೆ ಅಲ್ಲೇ ಬರೆದು ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಒಟ್ಟು ಲೆಕ್ಕ ಓದಿದ ಮೇಲೆ ಮರುಎಣಿಕೆ ಕೇಳಲು ಸಿಗುವ ಸಮಯ ತೀರಾ ಕಡಿಮೆ. ಅಂತಿಮ ಫಲಿತಾಂಶದ ಹಾಳೆಯಾದ ಫಾರ್ಮ್ 20ಕ್ಕೆ ಸಹಿ ಬಿದ್ದಮೇಲೆ ಆ ಅರ್ಜಿಯನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಖಾಲಿ ಅರ್ಜಿ, ಪೆನ್ನು ಎರಡೂ ಮುಖ್ಯ ಏಜೆಂಟರ ಬಳಿ ಬೆಳಗ್ಗೆಯಿಂದಲೇ ಇರಲಿ.