ಮತದಾರರ ಪಟ್ಟಿಯನ್ನು ಎರಡೂ ಕಡೆಯಿಂದ ತಾಳೆ ನೋಡಿ

ಲೋಕಸಭೆ ಚುನಾವಣೆಗೆ ಮುಂಚೆ ಬಡಾವಣೆಯ ಮತದಾರರ ಪಟ್ಟಿಯನ್ನು ನಿವಾಸಿಗಳೇ ಪರಿಶೀಲಿಸುವುದು ಹೇಗೆ ಅಂತ ಕೇಳಿದ್ದೀರಿ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಿಂದ ನಿಮ್ಮ ಭಾಗದ ಕರಡು ಪಟ್ಟಿ ಇಳಿಸಿಕೊಳ್ಳಿ. ಪ್ರತಿ 20ನೇ ಹೆಸರು ಹಿಡಿದು ಆ ಮನೆಗೆ ಹೋದರೆ ತೀರಿಕೊಂಡವರು, ಮನೆ ಬಿಟ್ಟವರು ಯಾರೆಂದು ಗೊತ್ತಾಗುತ್ತದೆ. ಆದರೆ ಪಟ್ಟಿಯಿಂದಲೇ ಬಿಟ್ಟುಹೋದ ಅರ್ಹರು ಇದರಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಬೀದಿಯ ಪ್ರತಿ 20ನೇ ಮನೆಯಲ್ಲಿ 18 ತುಂಬಿದವರನ್ನೆಲ್ಲ ಬರೆದುಕೊಂಡು, ಆಮೇಲೆ ಪಟ್ಟಿಯಲ್ಲಿ ಹುಡುಕಬೇಕು. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಬೀಗ ಹಾಕಿದ ಮನೆ ಕಂಡ ಕೂಡಲೇ ‘ಊರು ಬಿಟ್ಟಿದ್ದಾರೆ’ ಅಂತ ಬರೆಯಬೇಡಿ. ಸಂಜೆ ಅಥವಾ ಭಾನುವಾರ ಮತ್ತೆ ಹೋಗಿ.

ತಪ್ಪು ಕಂಡರೆ ಅರ್ಜಿ ಹಾಕಿ: ಹೆಸರು ಸೇರ್ಪಡೆಗೆ ನಮೂನೆ 6, ತೆಗೆಸಲು 7, ತಿದ್ದುಪಡಿಗೆ 8. ಹೆಸರು ತೆಗೆಯಲು ಬಂದ ಅರ್ಜಿಗಳ ಪಟ್ಟಿ ನಮೂನೆ 10ರಲ್ಲಿ ಪ್ರಕಟವಾಗುತ್ತದೆ. ಅಲ್ಲಿ ಹೆಸರಿರುವವರಿಗೆ ಕೂಡಲೇ ತಿಳಿಸಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದರೆ ಸೇರಿಸುವುದಕ್ಕಾಗಲಿ ತೆಗೆಯುವುದಕ್ಕಾಗಲಿ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ಅವಕಾಶವಿಲ್ಲ.