8 ಸೆಂ.ಮೀ. ಕಾಫಿ ಪೊಟ್ಟಣದ ಮೇಲೆ ಉದ್ದ ಹೆಸರು: ದಪ್ಪ ಕಂಡೆನ್ಸ್ಡ್ ಸೆರಿಫ್ ಹೇಗೆ ಬಳಸುವುದು?

ನಿಮ್ಮ ಪ್ರಶ್ನೆ ಇಷ್ಟು: ಕಾಲು ಕೆಜಿ ಪೊಟ್ಟಣದ ಮುಂಭಾಗ 8 ಸೆಂ.ಮೀ. ಅಗಲ. ಅದರ ಮೇಲೆ ‘ಸೋಮವಾರಪೇಟೆ ಕಾಫಿ’ ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡದಾಗಿ ಬರಬೇಕು. ಡಿಟಿಪಿಯವರು ಅಕ್ಷರವನ್ನು 60 ಪರ್ಸೆಂಟಿಗೆ ಒತ್ತಿ ಕೊಟ್ಟಿದ್ದಾರೆ, ನೋಡಲು ಚೆನ್ನಾಗಿಲ್ಲ. ಹಳೇ ಪೋಸ್ಟರುಗಳಲ್ಲಿರುವಂಥ ದಪ್ಪ, ಕಿರಿದಾದ ಸೆರಿಫ್ (ಗೆರೆಗಳ ತುದಿಯಲ್ಲಿ ಪುಟ್ಟ ಅಡ್ಡ ಚಾಚು ಇರುವ ಅಕ್ಷರ) ಯಾವುದು ಹಾಕಲಿ?

ಮೊದಲು ಆ 60 ಪರ್ಸೆಂಟ್ ತೆಗೆಸಿ. ಅಕ್ಷರವನ್ನು ಅಗಲದಲ್ಲಿ ಒತ್ತಿದರೆ ನಿಂತ ಗೆರೆಗಳು ಮಾತ್ರ ಸೊರಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ದಪ್ಪ ಉಳಿಯುತ್ತವೆ. 2 ಮಿ.ಮೀ. ಇದ್ದ ಕಂಬ 1.2 ಮಿ.ಮೀ. ಆಗುತ್ತದೆ, ತಲೆಕಟ್ಟಿನ ದಪ್ಪ ಕದಲುವುದಿಲ್ಲ. ನಿಮ್ಮ ಹೆಸರು ತಲೆಭಾರವಾಗಿ ಕಾಣುತ್ತಿರುವುದು ಇದಕ್ಕೇ.

ಕಂಡೆನ್ಸ್ಡ್, ಅಂದರೆ ಮೊದಲಿಂದಲೇ ಕಿರಿದಾಗಿ ಬಿಡಿಸಿದ ಫಾಂಟಿನಲ್ಲಿ ಕಂಬದ ದಪ್ಪವನ್ನು ಉಳಿಸಿಕೊಂಡು ಒಳಗಿನ ಬಿಳಿಯನ್ನು ಕಡಿಮೆ ಮಾಡಿರುತ್ತಾರೆ. ಇಂಗ್ಲಿಷಿನ ದುಂಡಗಿನ ‘ಓ’ದ ಎರಡು ಪಕ್ಕೆಗಳು ನೇರವಾಗುತ್ತವೆ, ಅಕ್ಕಪಕ್ಕದ ಸೆರಿಫ್‌ಗಳು ಡಿಕ್ಕಿಯಾಗದಂತೆ ಮೊಟಕಾಗುತ್ತವೆ, ಗೆರೆಗಳು ಸೇರುವ ಮೂಲೆಗಳನ್ನು ಶಾಯಿ ಕಟ್ಟಿಕೊಳ್ಳದಂತೆ ಸ್ವಲ್ಪ ಕೆತ್ತಿರುತ್ತಾರೆ. ಈ ಜಾತಿಯ ಅಕ್ಷರ ಹಬ್ಬಿದ್ದು ಪೋಸ್ಟರುಗಳಿಂದ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಚ್ಚುಮೊಳೆಗಳನ್ನು ಯಂತ್ರದಲ್ಲಿ ಕೊರೆಯಲು ಶುರುಮಾಡಿದ ಮೇಲೆ ಆಳೆತ್ತರದ ಕಿರಿದಾದ ಅಕ್ಷರ ಅಗ್ಗವಾಯಿತು.

ಇಂಗ್ಲಿಷಿಗೆ ಉಚಿತವಾಗಿ ಸಿಗುವ ಎರಡು ಒಳ್ಳೆಯ ಫಾಂಟುಗಳಿವೆ. ನೋಟೋ ಸೆರಿಫ್ ಡಿಸ್‌ಪ್ಲೇಯ ಅಗಲ (ಮಾಮೂಲಿ ಅಗಲ 100 ಎಂದರೆ) 62.5ರವರೆಗೆ ಇಳಿಯುತ್ತದೆ, ನೋಡಲು ಬಲು ಚೆಂದ. ಆದರೆ ಅದರ ತೆಳು ಗೆರೆಗಳು ಕೂದಲಿನಂತೆ. ಕ್ರಾಫ್ಟ್ ಪೇಪರಿನ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿಸಿದರೆ ತುಂಡಾಗುತ್ತವೆ. ನಿಮ್ಮ ಅಳತೆಗೆ ನಾನು ಹೇಳುವುದು ರೋಬೋಟೋ ಸೆರಿಫ್: ಅಗಲ 60–70, ತೂಕ (ಗೆರೆಗಳ ದಪ್ಪ) 800, ಆಪ್ಟಿಕಲ್ ಸೈಜ್ (ಅಚ್ಚಾಗುವ ಗಾತ್ರಕ್ಕೆ ತಕ್ಕ ವಿನ್ಯಾಸ) 36ರ ಆಸುಪಾಸು. ತೆಳು ಗೆರೆ ಪೊಟ್ಟಣದ ಮೇಲೆ ನಿಜ ಅಳತೆಯಲ್ಲಿ 0.2 ಮಿ.ಮೀ.ಗಿಂತ ಕಡಿಮೆಯಾಗಬಾರದು. ಕಡು ಬಣ್ಣದ ಮೇಲೆ ಬಿಳಿ ಅಕ್ಷರವಾದರೆ 0.3 ಇಟ್ಟುಕೊಳ್ಳಿ, ಸುತ್ತಲಿನ ಶಾಯಿ ಒಳಗೆ ಹರಡುತ್ತದೆ. ಊರಿನ ಹೆಸರನ್ನು (SOMWARPET) ಕ್ಯಾಪಿಟಲ್‌ನಲ್ಲಿ ಬರೆದಾಗ ‘ಡಬ್ಲ್ಯೂ’ ಪಕ್ಕದಲ್ಲಿ ‘ಎ’ ಬರುತ್ತದಲ್ಲ, ಅಲ್ಲಿ ಹಲ್ಲು ಬಿದ್ದಂತೆ ಸಂದು ಕಾಣುತ್ತದೆ. ಆ ಜೋಡಿಯನ್ನು ಮಾತ್ರ ಕೈಯಿಂದ ಹತ್ತಿರ ತನ್ನಿ.

ಕನ್ನಡದ್ದು ಬೇರೆಯೇ ಲೆಕ್ಕ. ನಮ್ಮ ತಲೆಕಟ್ಟು ಸೆರಿಫ್ ಅಲ್ಲ, ಅದು ಅಕ್ಷರದ ಅಂಗ. ಮೊಟಕು ಮಾಡಿದರೆ ಅಕ್ಷರವೇ ಕೆಡುತ್ತದೆ. ನೋಟೋ ಸೆರಿಫ್ ಕನ್ನಡದಲ್ಲಿ ತೂಕ ಬದಲಾಗುತ್ತದೆ, ಅಗಲ ಬದಲಾಗುವುದಿಲ್ಲ. ಅಗಲ ನಿಜಕ್ಕೂ ಇಳಿಯುವ ಒಂದು ಫಾಂಟ್ ಅನೇಕ್ ಕನ್ನಡ, 125ರಿಂದ 75ರವರೆಗೆ. ಅದರ ಗೆರೆಗಳ ದಪ್ಪದಲ್ಲಿ ಏರಿಳಿತ ಕಡಿಮೆ, ಆದರೂ ದಪ್ಪ ಸೆರಿಫ್ ಪಕ್ಕದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ‘ಕಂಡೆನ್ಸ್ಡ್ ಎಕ್ಸ್‌ಟ್ರಾಬೋಲ್ಡ್’ ಫೈಲನ್ನೇ ಹಾಕಿಸಿ.

ಅಳತೆ ಹೀಗೆ ಹಿಡಿಯಿರಿ. ಎರಡೂ ಬದಿ 6 ಮಿ.ಮೀ. ಬಿಟ್ಟರೆ 68 ಮಿ.ಮೀ. ಉಳಿಯುತ್ತದೆ. ‘ಸೋಮವಾರಪೇಟೆ’ಯನ್ನು ಮಾಮೂಲಿ ಅಗಲದಲ್ಲಿ, 100 ಪಾಯಿಂಟಿನಲ್ಲಿ ಹಾಕಿ ಅಳೆಯಿರಿ. 170 ಮಿ.ಮೀ. ಬಂತು ಅಂದುಕೊಳ್ಳಿ: 68ನ್ನು 170ರಿಂದ ಭಾಗಿಸಿ 100ರಿಂದ ಗುಣಿಸಿದರೆ 40 ಪಾಯಿಂಟ್. ಅದೇ ಪದ ಮುಕ್ಕಾಲು ಅಗಲದ ಕಂಡೆನ್ಸ್ಡ್‌ನಲ್ಲಿ ಸುಮಾರು 53 ಪಾಯಿಂಟಿಗೆ ಕೂರುತ್ತದೆ. ಎತ್ತರದಲ್ಲಿ ಮೂರನೇ ಒಂದು ಪಾಲು ಲಾಭ. ‘ಕಾಫಿ’ಯನ್ನು ಎರಡನೇ ಸಾಲಿಗೆ ಇಳಿಸಿ. ಮೇಲಿನ ಸಾಲಿನಲ್ಲಿ ಒತ್ತಕ್ಷರ ಇಲ್ಲದ್ದು ನಿಮ್ಮ ಅದೃಷ್ಟ, ಸಾಲುಗಳನ್ನು ಹತ್ತಿರ ಕೂರಿಸಬಹುದು. ‘ಬೆಟ್ಟದ ತೋಟದಿಂದ’ ಎಂಬಂಥ ಒತ್ತಕ್ಷರ ಇರುವ ಸಾಲು ಬೇಕಿದ್ದರೆ ಅದನ್ನು ಎಲ್ಲಕ್ಕಿಂತ ಕೆಳಗಿಡಿ.

ಈಗ ‘ಫಿ’ಯನ್ನು ನೋಡಿ. ‘ಪ’ಕ್ಕೂ ‘ಫ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು. ದಪ್ಪ ಅಕ್ಷರದಲ್ಲಿ ಶಾಯಿ ಹರಡಿ ಆ ಸೀಳು ಮುಚ್ಚಿಕೊಂಡರೆ ಪೊಟ್ಟಣದ ಮೇಲೆ ‘ಕಾಪಿ’ ಉಳಿಯುತ್ತದೆ. ಹಾಗೆಯೇ ‘ಪೇ’ಯ ದೀರ್ಘ: ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ಕೆಲವು ಸಾಫ್ಟ್‌ವೇರುಗಳಲ್ಲಿ ಅದು ಕಳಚಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಕನ್ನಡದ ಸಾಲಿಗೆ ಟ್ರ್ಯಾಕಿಂಗ್ (ಈ ಅಂತರ) ಸೊನ್ನೆಯಲ್ಲೇ ಇರಲಿ.

ಡಿಟಿಪಿಯವರ ಬಳಿ ಹೆಸರು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿದ್ದರೆ ಫಾಂಟ್ ಬದಲಿಸಿದ ಕೂಡಲೇ ಚಿಂದಿಯಾಗುತ್ತದೆ. ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿಸಿ, ಅಕ್ಷರ ಸರಿಯಿದೆ ಎಂದು ಓದಿ ನೋಡಿ, ಆಮೇಲೆ ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಕ್ಕೆ, ಬದಲಿಸಿ ಪ್ರೆಸ್ಸಿಗೆ ಕಳಿಸಿ.

ಈ ದಪ್ಪ ಅಕ್ಷರ ಹೆಸರಿಗೆ ಮಾತ್ರ. ಚಿಕೋರಿ ಪ್ರಮಾಣ, ತೂಕ, ಬೆಲೆ, ವಿಳಾಸಗಳನ್ನು ಮಾಮೂಲಿ ಅಗಲದ ರೆಗ್ಯುಲರ್‌ನಲ್ಲೇ ಹಾಕಿ. ಇದೇ ಫೈಲನ್ನು ಹಿಗ್ಗಿಸಿ ರಸ್ತೆ ಬದಿಯ ಬೋರ್ಡನ್ನೂ ಮಾಡಿಸಬೇಡಿ. ಮಡಿಕೇರಿ ದಾರಿಯ ಮಳೆ, ಮಂಜಿನಲ್ಲಿ ಮೊದಲು ಮಾಯವಾಗುವುದು ಅಕ್ಷರದೊಳಗಿನ ಬಿಳಿ ಕಿಂಡಿಗಳು. ಬೋರ್ಡಿಗೆ ಅಗಲ 100, ತೂಕ 600–700 ಸಾಕು.

ಪ್ರೆಸ್ಸಿಗೆ ಕೊಡುವ ಮೊದಲು ನಿಜ ಅಳತೆಯಲ್ಲಿ ಒಂದು ಪ್ರಿಂಟ್ ತೆಗೆದು ಹಳೇ ಪೊಟ್ಟಣಕ್ಕೆ ಅಂಟಿಸಿ, ಅಂಗಡಿಯ ಕಪಾಟಿನಲ್ಲಿಟ್ಟು ಎರಡು ಮೀಟರ್ ದೂರದಿಂದ ನೋಡಿ. ‘ಫಿ’ಯ ಸೀಳು ಕಾಣದಿದ್ದರೆ ಎಕ್ಸ್‌ಟ್ರಾಬೋಲ್ಡ್ ಬಿಟ್ಟು ಬೋಲ್ಡಿಗೆ ಇಳಿಯಿರಿ.